ಎರೆಹೊಲದ ಅಂಚಿನ ಕುಸುಬಿ

ಬೆಳಗಾವಿಯಿಂದ ಯರಗಟ್ಟಿ ಕಡೆಗೆ ಹೊರಟ ರಸ್ತೆ ನೇಸರಗಿ ದಾಟುವಾಗ ಎರಡೂ ಬದಿಗೆ ಈಗ ಕಾಣುವುದು ಸೋಯಾ, ಗೋವಿನಜೋಳ, ಕಬ್ಬು, ಕಡಲೆ. ಒಂದೆರಡು ತಲೆಮಾರಿನ ಹಿಂದೆ ಪುಷ್ಯ ಮಾಸದಲ್ಲಿ ಈ ಸೀಮೆಯ ಎರೆಹೊಲಗಳ ನೋಟವೇ ಬೇರೆ ಇತ್ತು. ನಡುವೆ ತೆನೆ ಕಟ್ಟಿದ ಬಿಳಿಜೋಳ, ಸುತ್ತಲೂ ನಾಲ್ಕಾರು ಸಾಲು ಮುಳ್ಳಿನ ಗಿಡ, ಗಿಡದ ತಲೆಯ ಮೇಲೆ ಹಳದಿ ಹೂ. ಮೂರು ದಿನದಲ್ಲಿ ಆ ಹಳದಿ ಕೇಸರಿಯಾಗಿ, ಬಾಡುವ ಹೊತ್ತಿಗೆ ಇಟ್ಟಂಗಿಯ ಕೆಂಪಿಗೆ ತಿರುಗುತ್ತಿತ್ತು. ಅದು ಕುಸುಬಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಿಂಗಾರಿ ಬೇಸಾಯದಲ್ಲಿ ಕುಸುಬಿಗೆ ತನ್ನದೇ ಹೊಲ ಸಿಕ್ಕಿದ್ದು ಅಪರೂಪ. ಅದು ಜೋಳದ ಅಂಚಿನಲ್ಲಿ ಬೇಲಿಯಾಗಿ ನಿಂತಿತು, ಗೋಧಿ ಮತ್ತು ಕಡಲೆಯ ನಡುವೆ ಅಕ್ಕಡಿ ಸಾಲಾಗಿ ಬೆಳೆಯಿತು. ದನ ಒಮ್ಮೆ ಮೂತಿ ಚುಚ್ಚಿಸಿಕೊಂಡರೆ ಮತ್ತೆ ಆ ಕಡೆ ತಿರುಗುವುದಿಲ್ಲ. ಹೊಲ ಕಾಯುವ ಆಳಿನ ಕೆಲಸವನ್ನೂ ಮಾಡಿ, ಸುಗ್ಗಿಯ ಕೊನೆಗೆ ಮನೆಗೆ ವರ್ಷದ ಎಣ್ಣೆಯನ್ನೂ ಕೊಡುವ ಬೆಳೆ ಇನ್ನೊಂದಿಲ್ಲ. ಅದರ ಇತಿಹಾಸ ಹಿಡಿಯುವುದು ಕಷ್ಟವಾಗಿರುವುದೂ ಇದೇ ಕಾರಣಕ್ಕೆ. ಲೆಕ್ಕದ ಪುಸ್ತಕದಲ್ಲಿ ಆ ಹೊಲ ಜೋಳದ ಹೊಲ. ಅಂಚಿನಲ್ಲಿ ನಿಂತದ್ದನ್ನು ಬರೆಯುವವರು ಕಡಿಮೆ.

ಗಿಡವಂತೂ ಬಹಳ ಹಳೆಯದು. ಈಜಿಪ್ಟಿನ ತೂತಾಂಖಮನ್ ಸಮಾಧಿಯಲ್ಲಿ ಕುಸುಬಿಯ ಬೀಜ ಸಿಕ್ಕಿದೆ. ಭಾರತದಲ್ಲಿ ಆಯುರ್ವೇದದವರು ಇದನ್ನು ಕುಸುಂಭ ಎಂದು ಗುರುತಿಸಿದರು, ಯುನಾನಿ ಹಕೀಮರು ಕುರ್ತುಮ್ ಎಂದು ಕರೆದು ಬೀಜವನ್ನು ಭೇದಿಗೆ ಕೊಟ್ಟರು. ಚೀನಾದ ವೈದ್ಯರು ಒಣಗಿಸಿದ ಎಸಳನ್ನು ರಕ್ತ ಹರಿಯುವುದಕ್ಕೆ, ನಿಂತ ಮುಟ್ಟಿಗೆ, ಪೆಟ್ಟಿನ ಬಾವಿಗೆ ಇಂದಿಗೂ ಬಳಸುತ್ತಾರೆ. ಗರ್ಭಿಣಿಯರು ಅದನ್ನು ಮುಟ್ಟಬಾರದೆಂಬ ಎಚ್ಚರಿಕೆಯೂ ಅವರಲ್ಲಿದೆ. ಉತ್ತರ ಕರ್ನಾಟಕದಲ್ಲಿ ಔಷಧಿಯಾದದ್ದು ಹೂವಿಗಿಂತ ಎಣ್ಣೆ. ಕೀಲು ನೋವಿಗೆ, ಹಿಡಿದ ಸೊಂಟಕ್ಕೆ ಬಿಸಿ ಮಾಡಿ ತಿಕ್ಕುವ ಎಣ್ಣೆಗಳಲ್ಲಿ ಕುಸುಬಿಯದೂ ಒಂದು.

ಆದರೆ ತಿನ್ನುವ ಎಣ್ಣೆಯಾಗಿ ಶಾಸ್ತ್ರ ಅದಕ್ಕೆ ಮರ್ಯಾದೆ ಕೊಡಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಯಾವ ಯಾವ ಆಹಾರವರ್ಗದಲ್ಲಿ ಯಾವುದು ಅತಿ ಹಿತ, ಯಾವುದು ಅತಿ ಅಹಿತ ಎಂಬ ಪಟ್ಟಿ ಬರುತ್ತದೆ. ಗಿಡಮೂಲದ ಎಣ್ಣೆಗಳಲ್ಲಿ ಎಳ್ಳಿನದು ಹಿತದ ಕಡೆ, ಕುಸುಂಭದ್ದು ಅಹಿತದ ಕಡೆ. ಎರೆಸೀಮೆಯ ಒಕ್ಕಲು ಮನೆಗಳು ಈ ತೀರ್ಪನ್ನು ಕೇಳಿದಂತೆ ಕಾಣುವುದಿಲ್ಲ. ಕಟಿ ರೊಟ್ಟಿಯ ಮೇಲೆ ಕೆಂಪುಖಾರ, ಅದರ ಮೇಲೆ ಹಸಿ ಕುಸುಬಿ ಎಣ್ಣಿ ಸುರಿದುಕೊಂಡು ಉಂಡವರ ನಾಡು ಇದು.

ನೇಸರಗಿ ಎಂಬ ಊರು ಈ ಬೆಳೆಗಿಂತ ಚಿಕ್ಕ ವಯಸ್ಸಿನದಾದರೂ ಸಾಕಷ್ಟು ಹಳೆಯದು. ಸವದತ್ತಿಯಿಂದ ಆಳಿ ಆಮೇಲೆ ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ರಾಜಧಾನಿ ಬದಲಿಸಿದ ರಟ್ಟರ ಕಾಲದ್ದು. ನಾಲ್ಕನೇ ಕಾರ್ತವೀರ್ಯನ ಆಳ್ವಿಕೆಯ, 13ನೇ ಶತಮಾನದ ಆರಂಭದ ಶಾಸನ ಇಲ್ಲಿದೆ. ಆ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ಎಣ್ಣೆಯವರು ಪರಿಚಿತರು: ತೆಲ್ಲಿಗರ ಐವತ್ತೊಕ್ಕಲು ಎಂಬ ಸಂಘ, ದೇವರ ನಂದಾದೀಪಕ್ಕೆ ಗಾಣಕ್ಕೆ ಇಷ್ಟೆಂದು ಬಿಟ್ಟುಕೊಟ್ಟ ಎಣ್ಣೆ. ಕಲ್ಯಾಣದ ಶರಣರಲ್ಲಿ ಗಾಣದ ಕಣ್ಣಪ್ಪ ಎಂಬ ವಚನಕಾರನೂ ಇದ್ದ. ಗಾಣಕ್ಕೆ ಬೀಳುವ ಕಾಳುಗಳಲ್ಲಿ ಹಿರಿತನ ಎಳ್ಳಿನದು. ಮಳೆ ಕಡಿಮೆಯಾದ ವರ್ಷವೂ ಕೈಬಿಡದ ಕಾಳು ಮಾತ್ರ ಕುಸುಬಿ.

ಕೈಬಿಡದಿರುವುದಕ್ಕೆ ಕಾರಣ ಬೇರಿನಲ್ಲಿದೆ. ತಾಯಿಬೇರು ಎರೆಮಣ್ಣಿನಲ್ಲಿ ಒಂದೂವರೆ, ಎರಡು ಮೀಟರ್ ಆಳಕ್ಕೆ ಇಳಿದು, ಜೋಳದ ಬೇರಿಗೆ ನಿಲುಕದ ತೇವವನ್ನು ಎಳೆದುಕೊಳ್ಳುತ್ತದೆ. ಉತ್ತರಿ, ಹಸ್ತದ ಮಳೆ ಕುಡಿದು ನೆಲ ಹದಕ್ಕೆ ಬಂದಾಗ ಕೂರಿಗೆ ಹೂಡಬೇಕು. ತಡವಾಗಿ ಬಿತ್ತಿದರೆ ಚಳಿಗಾಲದಲ್ಲಿ ಕಪ್ಪು ಹೇನು ಮುತ್ತಿ ಕುಡಿಯೆಲ್ಲ ಅಂಟಂಟಾಗಿ ಗಿಡ ಸೊರಗುತ್ತದೆ. ಮೊದಲ ತಿಂಗಳು ಗಿಡ ಎದ್ದೇಳುವುದೇ ಇಲ್ಲ. ಎಲೆಗಳನ್ನು ನೆಲಕ್ಕೆ ಹರಡಿಕೊಂಡು ಕುಳಿತು ಕೆಳಗೆ ಬೇರು ಇಳಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ಎಡೆಕುಂಟೆ ಹೊಡೆದು ಕಳೆ ತೆಗೆಯದಿದ್ದರೆ ಮುಂದೆ ಸರಿಹೋಗದು. ದಟ್ಟವಾದ ಕಡೆ ಕಿತ್ತ ಎಳೆ ಸಸಿಗಳು ಮನೆಗೆ ಹೋಗಿ ಕುಸುಬಿ ಪಲ್ಯವಾಗುತ್ತವೆ. ಮುಳ್ಳು ಬಲಿಯುವ ಮುಂಚಿನ ಆ ಎರಡು ಮೂರು ವಾರದ ಸೊಪ್ಪಿಗಾಗಿ ಕಾಯುತ್ತಿದ್ದ ಮನೆಗಳು ಎಷ್ಟೋ.

ಆಮೇಲೆ ಗಿಡ ಕೇಳುವುದು ಇಷ್ಟೇ: ತನ್ನನ್ನು ತನ್ನ ಪಾಡಿಗೆ ಬಿಡಿ ಎಂದು. ನೀರು ನಿಂತರೆ ಬೇರು ಕೊಳೆಯುತ್ತದೆ, ಹೂವಾಡುವಾಗ ಮಳೆ ಹಿಡಿದರೆ ಎಲೆಚುಕ್ಕೆ ರೋಗ ಬರುತ್ತದೆ. ಒಣ ಚಳಿ, ಇಬ್ಬನಿ, ಬಿರುಕು ಬಿಟ್ಟ ನೆಲ ಇವು ಅದಕ್ಕೆ ಸುಖ.

ಕೊಯ್ಲು ಮಾತ್ರ ಸುಖದ್ದಲ್ಲ. ಮಾಘ, ಫಾಲ್ಗುಣದಲ್ಲಿ ಗಿಡ ಪೂರ್ತಿ ಒಣಗಿ ಎಲೆಯಂಚಿನ ಮುಳ್ಳುಗಳೆಲ್ಲ ಸೂಜಿಯಾಗಿರುತ್ತವೆ. ಬಿಸಿಲೇರಿದ ಮೇಲೆ ಆ ಹೊಲಕ್ಕೆ ಕಾಲಿಡಲಾಗದು. ಬೆಳಗಿನ ಜಾವ ಇಬ್ಬನಿಗೆ ಮುಳ್ಳು ಮೆತ್ತಗಾಗಿರುವಾಗ, ಕೈಗೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೊಯ್ದು, ಗುಡ್ಡೆ ಹಾಕಿ, ಮೇಲೆ ಕಲ್ಲು ಹೇರುತ್ತಿದ್ದರು. ಗುಡ್ಡೆ ಒಣಗಿದ ಮೇಲೆ ಬಡಿಗೆಯಿಂದ ಬಡಿದು, ತೂರಿ, ಬೆಳ್ಳಗಿನ ಗಟ್ಟಿ ಕಾಳು ಬೇರೆ ಮಾಡುವುದು. ತೂರುವಾಗ ಹಾರುವ ಮುಳ್ಳಿನ ಹೊಟ್ಟು ಕುತ್ತಿಗೆ, ಕಂಕುಳಿಗೆ ಸೇರಿ ದಿನಗಟ್ಟಲೆ ಕಾಡುತ್ತದೆ. ಈ ನೋವನ್ನು ಹೊತ್ತವರು ಬಹುಪಾಲು ಕೂಲಿಯವರು. ಬೆಳೆ ಕಡಿಮೆಯಾದ ಕಥೆಯಲ್ಲಿ ಇದನ್ನು ಮುಚ್ಚಿಡಬಾರದು.

ಸಿಪ್ಪೆ ದಪ್ಪವಿರುವುದರಿಂದ ಕಾಳಿನ ತೂಕದಲ್ಲಿ ಎಣ್ಣೆ ಮೂರನೇ ಒಂದು ಪಾಲಿಗಿಂತ ಕಡಿಮೆ. ಎಣ್ಣೆಗೆ ಹೋಗದೆ ಉಳಿದ ಕಾಳಿಗೆ ಅಡುಗೆಮನೆಯಲ್ಲಿ ಬೇರೆ ಗೌರವವಿತ್ತು. ನೆನೆಸಿದ ಕುಸುಬಿಯನ್ನು ಒರಳಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಬರುವ ಬಿಳಿಹಾಲಿಗೆ ಬೆಲ್ಲ, ಗೋಧಿ ಸೇರಿಸಿ ಸಣ್ಣ ಉರಿಯಲ್ಲಿ ತಿರುವಿದರೆ ಕುಸುಬಿ ಹುಗ್ಗಿ. ತಿರುವುವ ಕೈ ನಿಲ್ಲಬಾರದು, ನಿಂತರೆ ಹಾಲು ಒಡೆಯುತ್ತದೆ. ಉತ್ತರ ಕರ್ನಾಟಕದ ಸಿಹಿಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ಹೇಳುವುದು ಕಷ್ಟ. ಮಾಡುವವರು ಮಾತ್ರ ಈಗ ವಿರಳ.

ಹೂವಿನ ಕಥೆ ಬೇರೆ ದಿಕ್ಕಿಗೆ ಹೋಯಿತು. ಕುಸುಬಿಯ ಎಸಳಲ್ಲಿ ಎರಡು ಬಣ್ಣಗಳಿವೆ. ಹಳದಿ ನೀರಿನಲ್ಲಿ ಕರಗುತ್ತದೆ. ಅದನ್ನು ಪೂರ್ತಿ ತೊಳೆದು ಕಳೆದು, ಉಳಿದ ಎಸಳನ್ನು ಕ್ಷಾರದ ನೀರಿನಲ್ಲಿ ನೆನೆಸಿ, ಆಮೇಲೆ ಹುಳಿ ಬೆರೆಸಿದರೆ ಬಟ್ಟೆಗೆ ಹತ್ತುವುದು ಗುಲಾಬಿಯಿಂದ ಕಡುಕೆಂಪಿನವರೆಗಿನ ಬಣ್ಣ. ಜಪಾನಿನ ಯಮಗಾತದಲ್ಲಿ ಮೊಗಾಮಿ ನದಿಯ ದಂಡೆಯ ರೈತರು ಈ ಎಸಳನ್ನೇ ಬೆಳೆದು ದೋಣಿ, ಹಡಗುಗಳಲ್ಲಿ ಕ್ಯೋಟೋಗೆ ಕಳಿಸಿ ಸಿರಿವಂತರಾದರು. ಭಾರತದಲ್ಲಿ ಬಣ್ಣದ ಕುಸುಬಿಗೆ ಹೆಸರಾದದ್ದು ಬಂಗಾಳ. ಢಾಕಾದ ಸರಕು ಕಲ್ಕತ್ತಾದಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ದಖ್ಖನ್ನಿನ ರೈತ ಗಿಡವನ್ನು ಬೆಳೆದದ್ದು ಕಾಳಿಗಾಗಿ. 1856ರಲ್ಲಿ ವಿಲಿಯಂ ಪರ್ಕಿನ್ ಡಾಂಬರಿನಿಂದ ಬಣ್ಣ ತೆಗೆದ ಮೇಲೆ, ಬೆನ್ನಿಗೇ ಮೆಜೆಂಟಾ ಮಾರುಕಟ್ಟೆಗೆ ಬಂದ ಮೇಲೆ, ಬಂಗಾಳದ ವ್ಯಾಪಾರ ಮುರಿದುಬಿತ್ತು. ಎಣ್ಣೆಗೆಂದು ಬೆಳೆದ ಎರೆಸೀಮೆಗೆ ಆ ಪೆಟ್ಟು ತಟ್ಟಲಿಲ್ಲ. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಬಾಂಬೆ ಪ್ರೆಸಿಡೆನ್ಸಿಯ ಗೆಜೆಟಿಯರಿನಲ್ಲಿ ಬೆಳಗಾವಿಯ ಸಂಪುಟ ಬಂದದ್ದು 1884ರಲ್ಲಿ. ಬಣ್ಣದ ಹೂವಿಗೆ ಬೆಲೆ ಬಿದ್ದ ಆ ದಿನಗಳಲ್ಲೂ ಇಲ್ಲಿ ಕುಸುಬಿ ಎಣ್ಣೆಕಾಳಾಗಿ ತನ್ನ ಜಾಗದಲ್ಲೇ ಇತ್ತು.

ಎಣ್ಣೆ ಎಂದರೆ ತಿನ್ನುವುದಷ್ಟೇ ಅಲ್ಲ. ಕಾಳನ್ನು ಮಡಕೆಯಲ್ಲಿ ಸುಟ್ಟು ಇಳಿಸಿದ ಕಪ್ಪು, ಜಿಗುಟು ಎಣ್ಣೆಯನ್ನು ಬಾವಿಯ ಹಗ್ಗಕ್ಕೆ, ನೀರೆತ್ತುವ ತೊಗಲಿನ ಚೀಲಕ್ಕೆ ಹಚ್ಚುತ್ತಿದ್ದರೆಂದು 1889ರಿಂದ ಹೊರಬಂದ ಜಾರ್ಜ್ ವಾಟ್‌ನ ಆರ್ಥಿಕ ಉತ್ಪನ್ನಗಳ ನಿಘಂಟು ಹೇಳುತ್ತದೆ. ನೀರು ಕುಡಿದು ಕೊಳೆಯದಂತೆ ತೊಗಲನ್ನು ಉಳಿಸಿದ್ದು ಅದೇ.

ಇಪ್ಪತ್ತನೇ ಶತಮಾನದಲ್ಲಿ ಈ ಗಿಡದ ಕಡೆ ವಿಜ್ಞಾನಿಗಳ ಕಣ್ಣು ಬಿತ್ತು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಸಂಶೋಧನಾ ಕೇಂದ್ರ 1969ರಲ್ಲಿ ಹೊರತಂದ ಎ-1 ತಳಿ ಈ ಭಾಗದಲ್ಲೆಲ್ಲ ಹರಡಿತು. ದೇಶದ ಬೇರೆಡೆ ಹೊಸ ತಳಿಗಳನ್ನು ಅಳೆಯುವುದಕ್ಕೂ ಅದೇ ಮಾನದಂಡವಾಯಿತು. ಅದೇ ಹೊತ್ತಿಗೆ ವೈದ್ಯಕೀಯದ ಗಾಳಿಯೂ ತಿರುಗಿತ್ತು. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಮುಕ್ಕಾಲು ಪಾಲು. ಅದು ರಕ್ತದ ಕೊಲೆಸ್ಟೆರಾಲ್ ಇಳಿಸುತ್ತದೆ ಎಂದು ಕಂಡುಬಂದಾಗ ಚರಕ ಅಹಿತವೆಂದದ್ದು ಹೃದಯದ ಹಿತೈಷಿಯಾಯಿತು. 1960ರ ದಶಕದಲ್ಲಿ ಮುಂಬಯಿಯ ಬಾಂಬೆ ಆಯಿಲ್ ಇಂಡಸ್ಟ್ರೀಸ್ ಸಫೋಲಾ ಹೆಸರಿನಲ್ಲಿ ಅದನ್ನು ಪಟ್ಟಣದ ಮನೆಗಳಿಗೆ ಒಯ್ದಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಸಿಡ್ನಿಯಲ್ಲಿ 1966ರಿಂದ 1973ರವರೆಗೆ ಹೃದಯರೋಗಿಗಳಿಗೆ ಬೆಣ್ಣೆಯಂಥ ಕೊಬ್ಬಿನ ಬದಲು ಕುಸುಬಿ ಎಣ್ಣೆ ಕೊಟ್ಟು ನೋಡಿದ್ದರು. ಅದರ ಹಳೆಯ ದಾಖಲೆಗಳನ್ನು ಮತ್ತೆ ಬಿಡಿಸಿ 2013ರಲ್ಲಿ ಪ್ರಕಟಿಸಿದಾಗ ಎಣ್ಣೆ ಪಡೆದ ಗುಂಪಿನಲ್ಲೇ ಸಾವು ಹೆಚ್ಚೆಂದು ತಿಳಿಯಿತು. ಕ್ಯಾಲಿಫೋರ್ನಿಯಾದ ಪಾಲ್ ನೋಲ್ಸ್ 1966ರಷ್ಟು ಹಿಂದೆಯೇ ಲಿನೋಲಿಕ್ ಬದಲು ಒಲಿಯಿಕ್ ಆಮ್ಲ ಹೆಚ್ಚಿರುವ ಯುಸಿ-1 ತಳಿ ಕೊಟ್ಟಿದ್ದರು. ಈಗ ಭಾರತದ ತಳಿ ಸಂಶೋಧನೆಯೂ ಆ ದಾರಿ ಹಿಡಿದಿದೆ. ಕುಸುಬಿ ಎಣ್ಣೆಯನ್ನು ಸಂಜೀವಿನಿ ಎಂದು ಮಾರುವವರೂ ವಿಷವೆಂದು ಹೆದರಿಸುವವರೂ ಇಬ್ಬರೂ ಅತಿಯಾಡುತ್ತಾರೆ. ರೊಟ್ಟಿ, ಕಾಳುಪಲ್ಯದ ಊಟದಲ್ಲಿ, ಹೊಲದ ದುಡಿಮೆಯ ನಡುವೆ, ಹಸಿಯಾಗಿ ಒಂದೆರಡು ಚಮಚ ತಿಂದವರ ಎಣ್ಣೆ ಅದು.

ಇಷ್ಟೆಲ್ಲ ಕೀರ್ತಿ ಬಂದಾಗಲೇ ಹೊಲದಲ್ಲಿ ಗಿಡ ಕರಗುತ್ತ ಹೋಯಿತು. 1980ರ ದಶಕದಲ್ಲಿ ದೇಶದಲ್ಲಿ 7 ಲಕ್ಷ ಹೆಕ್ಟೇರಿಗೂ ಹೆಚ್ಚಿದ್ದ ಕುಸುಬಿ ಈಗ 1 ಲಕ್ಷಕ್ಕೂ ಕಡಿಮೆ. 1994ರಲ್ಲಿ ತಾಳೆ ಎಣ್ಣೆಯ ಆಮದು ಬಾಗಿಲು ತೆರೆಯಿತು. ಅಗ್ಗದ ಎಣ್ಣೆಯ ಎದುರು ಗಾಣ ನಿಲ್ಲಲಿಲ್ಲ. ಆದರೆ ದೊಡ್ಡ ಕಾರಣ ಹೊಲದೊಳಗೇ ಇದೆ. ಮುಂಗಾರಿಯಲ್ಲಿ ಹೊಲ ಖಾಲಿ ಬಿಟ್ಟು ಮಳೆ ಕುಡಿಸಿ ಹಿಂಗಾರಿಗೆ ಬಿಳಿಜೋಳ ಬಿತ್ತುವ ಪದ್ಧತಿ ಇದ್ದಾಗ ಅಂಚಿಗೆ ಕುಸುಬಿ ಇತ್ತು. ಬೈಲಹೊಂಗಲ ಸೀಮೆಗೆ ಸೋಯಾ ಬಂತು, ನೀರಿದ್ದಲ್ಲಿ ಕಬ್ಬು ಬಂತು, ನವಿಲುತೀರ್ಥದ ಅಣೆಕಟ್ಟಿನ ಕಾಲುವೆ ಹರಿದಲ್ಲಿ ಬೆಳೆಯೇ ಬದಲಾಯಿತು. ಜೋಳ ಹಿಂದೆ ಸರಿದಾಗ ಅದನ್ನು ನೆಚ್ಚಿ ನಿಂತಿದ್ದ ಅಂಚಿನ ಸಾಲೂ ಹೋಯಿತು. ಕುಸುಬಿಯನ್ನು ಯಾರೂ ಬೇಡವೆಂದು ತೀರ್ಮಾನಿಸಲಿಲ್ಲ. ಅದು ಯಾವ ಬೆಳೆಯ ಆಸರೆಯಲ್ಲಿತ್ತೋ ಅದೇ ಹಿಂದೆ ಸರಿಯಿತು.

ಮುಳ್ಳಿನ ಕಾಟಕ್ಕೆ ಪರಿಹಾರ ಮಹಾರಾಷ್ಟ್ರದ ಫಲ್ಟಣದಿಂದ ಬಂತು. ಅಲ್ಲಿನ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ನಾರಿ-6 ಎಂಬ ಮುಳ್ಳಿಲ್ಲದ ತಳಿಯನ್ನೂ, ಮುಳ್ಳಿಲ್ಲದ ಸಂಕರಣ ತಳಿಯನ್ನೂ ಕೊಟ್ಟಿತು. ಎಸಳಿನ ಕಷಾಯದ ಪುಡಿಯನ್ನೂ ಮಾರುಕಟ್ಟೆಗೆ ತಂದಿತು. ಕಾಳು ಕಟ್ಟಿದ ಮೇಲೆ ಬಾಡಿದ ಎಸಳು ಬಿಡಿಸಿದರೆ ಇಳುವರಿಗೆ ನಷ್ಟವಿಲ್ಲ. ನೂರಾರು ವರ್ಷ ಎರೆಸೀಮೆಯಲ್ಲಿ ಗಾಳಿಗೆ ಉದುರಿದ ಹೂವಿಗೆ ಹೀಗೊಂದು ಬೆಲೆ ಇದೆ. ಬಿಡಿಸುವುದಕ್ಕೆ ಕೈಗಳು ಬೇಕು, ಒಣಗಿಸಲು ನೆರಳು ಬೇಕು, ಕೊಳ್ಳುವವನು ಹತ್ತಿರವಿರಬೇಕು. ಇವು ಮೂರೂ ಕೂಡಿಬಂದ ಊರು ಕಡಿಮೆ.

ಮುಳ್ಳಿಲ್ಲದ ಗಿಡ ಬೇಲಿಯಾಗದು ಎಂಬುದನ್ನು ರೈತ ಬೇಗ ಕಂಡುಕೊಂಡ. ಮುಳ್ಳಿನ ತಳಿಯನ್ನೂ ಈಗ ಕಂಬೈನ್ ಯಂತ್ರ ನೇರವಾಗಿ ಕೊಯ್ದು ಕಾಳು ಬೇರೆ ಮಾಡುತ್ತದೆ. ಬಟ್ಟೆ ಸುತ್ತಿದ ಕೈಗಳ ಕೆಲಸ ಬೇಕಿಲ್ಲ. 2025-26ರ ಹಿಂಗಾರಿ ಮಾರುಕಟ್ಟೆ ಹಂಗಾಮಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 5,940 ರೂಪಾಯಿ ಇತ್ತು. ಮರದ ಗಾಣದ ಎಣ್ಣೆಗೆ ಪಟ್ಟಣಗಳಲ್ಲಿ ಗಿರಾಕಿ ಮರಳಿದ್ದಾರೆ. ಆದರೆ ಯಂತ್ರಕ್ಕೆ ಅಂಚಿನ ನಾಲ್ಕು ಸಾಲು ಸಾಲದು, ಇಡೀ ಹೊಲ ಬೇಕು. ನೇಸರಗಿಯ ರೈತ ಮತ್ತೆ ಕುಸುಬಿ ಬಿತ್ತುವುದಾದರೆ ಜೋಳದ ಸುತ್ತ ಅಲ್ಲ, ಸೋಯಾ ಕೊಯ್ದ ಹೊಲದಲ್ಲಿ, ಕಡಲೆಗೆ ಎದುರಾಳಿಯಾಗಿ, ಎಕರೆಗಟ್ಟಲೆ ಬಿತ್ತಬೇಕಾಗುತ್ತದೆ.