ಪವಾಡಪರೀಕ್ಷೆ: ಬೆಂಗಳೂರು ವಿಶ್ವವಿದ್ಯಾನಿಲಯದ 1976ರ ಸಮಿತಿಯ ವಿಚಾರ

ಭೂತಪ್ರೇತಗಳ ಜಾಡನ್ನು ಹಿಡಿದುಹೋಗುವ ನಾಲ್ಕಾರು ಜನರ ಕೂಟವೊಂದನ್ನು ನಾಯಕಸ್ಥಾನದಲ್ಲಿ ನಿಲ್ಲಿಸಿ ರಚಿಸಿದ ಚಿತ್ರಕಥೆಗಳು ಈ ಕಾಲದ ಬಾಲಕರಿಗೆ ಪ್ರಿಯವಾಗಿರುವುದನ್ನು ಎಲ್ಲರೂ ಬಲ್ಲರು. ಪಾಳುಮನೆ, ನಡುರಾತ್ರಿ, ಕೈದೀಪ, ಕಿರುಚಾಟ, ಇವಿಷ್ಟೇ ಅವುಗಳ ಸಾಮಗ್ರಿ. ಚಂದಮಾಮವನ್ನು ಓದಿ ಬೆಳೆದವರಿಗೆ ವಿಕ್ರಮರಾಜನೂ ಬೇತಾಳನೂ ಪರಿಚಿತರೇ ಸರಿ. ಆದರೆ ಆ ರಾಜನು ಹೆಣವನ್ನು ಹೆಗಲಮೇಲೆ ಹೊತ್ತನಲ್ಲದೆ, ತನ್ನನ್ನು ಆ ಕೆಲಸಕ್ಕೆ ಕಳುಹಿಸಿದ ಭಿಕ್ಷುವು ಎಂತಹವನೆಂಬುದನ್ನು ತಾನಾಗಿ ಪರೀಕ್ಷಿಸಲಿಲ್ಲ. ಕಪಟಭಿಕ್ಷುವಿನ ಗುಟ್ಟನ್ನು ಒಡೆದು ಹೇಳಿದವನು ಕಡೆಗೆ ಬೇತಾಳನೇ. ಇಂತಹ ಪರೀಕ್ಷೆಯನ್ನೇ ಕರ್ತವ್ಯವನ್ನಾಗಿ ಇಟ್ಟುಕೊಂಡ ಕೂಟವೊಂದು ಕಥೆಯಲ್ಲಲ್ಲದೆ ಈ ಬೆಂಗಳೂರು ನಗರದಲ್ಲಿಯೇ, ಅದೂ ವಿಶ್ವವಿದ್ಯಾನಿಲಯದ ಮುದ್ರೆಯೊಡನೆ, 1976ನೆಯ ಇಸವಿಯಲ್ಲಿ ಏರ್ಪಟ್ಟಿದ್ದಿತು. ಅದರ ವೃತ್ತಾಂತವನ್ನು ಕುರಿತು ಭಕ್ತರು ಹೇಳುವುದೊಂದು, ವಿಚಾರವಾದಿಗಳು ಹೇಳುವುದಿನ್ನೊಂದು. ನಮ್ಮ ಶಾಸ್ತ್ರಗಳಲ್ಲಿ ‘ಪರೀಕ್ಷೆ’ಯೆಂಬ ಶಬ್ದಕ್ಕೆ ಯಾವ ಅರ್ಥವುಂಟೋ ಆ ಅರ್ಥವನ್ನು ಒರೆಗಲ್ಲಾಗಿ ಇಟ್ಟುಕೊಂಡು ಆ ಸಮಿತಿಯ ಕಾರ್ಯವನ್ನು ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಸಮಿತಿಯ ಅಧ್ಯಕ್ಷರು ಡಾಕ್ಟರ್ ಹೆಚ್. ನರಸಿಂಹಯ್ಯನವರು. ಇವರು 1920ನೆಯ ಇಸವಿ ಜೂನ್ ತಿಂಗಳಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡಕುಟುಂಬದಲ್ಲಿ ಜನಿಸಿ, 1935ರಲ್ಲಿ ಕಾಲ್ನಡಿಗೆಯಿಂದ ಬೆಂಗಳೂರಿಗೆ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಿದವರು. 1942ರ ಚಳವಳಿಯಲ್ಲಿ ವ್ಯಾಸಂಗವನ್ನು ಬಿಟ್ಟು ಸೆರೆಮನೆಯನ್ನು ಕಂಡವರು. ತರುವಾಯ ಭೌತವಿಜ್ಞಾನದ ಅಧ್ಯಾಪಕರಾಗಿ, ಅಮೆರಿಕಾ ದೇಶದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣುಗರ್ಭವಿಜ್ಞಾನವನ್ನು ಅಭ್ಯಾಸಮಾಡಿ ಡಾಕ್ಟರ್ ಪದವಿಯನ್ನು ಪಡೆದು ಹಿಂದಿರುಗಿ, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಸ್ಥಾಪಿಸಿದರು. ಖಾದಿಯ ಉಡುಪು, ಗಾಂಧೀ ಟೋಪಿ, ಅವಿವಾಹಿತ ಜೀವನ, ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಒಂದು ಕೊಠಡಿ, ಹೀಗೆ ಆಯುಷ್ಯದ ಬಹುಭಾಗವನ್ನು ಕಳೆದರು. ಪವಾಡವನ್ನು ಪ್ರಶ್ನಿಸುವವನು ವಿದೇಶೀಯ ಮೋಹದಿಂದ ಕೆಟ್ಟವನೆಂದು ಹೇಳುವ ವಾಡಿಕೆಯುಂಟು. ಇವರ ವಿಷಯದಲ್ಲಿ ಆ ಮಾತು ಸಲ್ಲಲಾರದೆಂಬುದನ್ನು ತೋರಿಸಲು ಇಷ್ಟನ್ನು ಹೇಳಬೇಕಾಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಅಲೌಕಿಕವೆನ್ನಿಸಿಕೊಂಡ ವ್ಯಾಪಾರಗಳನ್ನು ಕೂಟಕಟ್ಟಿಕೊಂಡು ಶೋಧಿಸುವ ಪದ್ಧತಿಯು ಪಾಶ್ಚಾತ್ಯರಲ್ಲಿ 1882ರಲ್ಲಿ ಲಂಡನ್ ನಗರದಲ್ಲಿ ಸ್ಥಾಪಿತವಾದ ಆತ್ಮವಿಚಾರ ಸಂಶೋಧನ ಸಂಘದಿಂದ ವಿಶೇಷವಾಗಿ ಬೆಳೆಯಿತು. ಆ ಸಂಘವು 1884ರ ಕಡೆಯಲ್ಲಿ ರಿಚರ್ಡ್ ಹಾಡ್ಜ್‌ಸನ್ ಎಂಬವನನ್ನು ಮದರಾಸಿನ ಅಡೆಯಾರಿಗೆ ಕಳುಹಿಸಿತು. ಥಿಯಸಾಫಿಕಲ್ ಸೊಸೈಟಿಯ ಬ್ಲಾವಟ್ಸ್ಕಿಯವರಿಗೆ ಮಹಾತ್ಮರಿಂದ ಅಲೌಕಿಕ ಮಾರ್ಗದಲ್ಲಿ ಬರುತ್ತವೆಂದು ಹೇಳಲಾಗುತ್ತಿದ್ದ ಪತ್ರಗಳ ಸತ್ಯಾಸತ್ಯವನ್ನು ಅವನು ವಿಚಾರಿಸಿ, ಅವು ಕಪಟವೆಂದು ಬರೆದ ವರದಿಯನ್ನು ಸಂಘವು 1885ರಲ್ಲಿ ಪ್ರಕಟಿಸಿತು. ಸುಮಾರು ನೂರು ವರ್ಷಗಳ ಮೇಲೆ, 1986ರಲ್ಲಿ, ಅದೇ ಸಂಘದ ಪತ್ರಿಕೆಯಲ್ಲಿಯೇ ವರ್ನನ್ ಹ್ಯಾರಿಸನ್ ಎಂಬ ವಿದ್ವಾಂಸರು ಹಾಡ್ಜ್‌ಸನ್ನನ ವರದಿಯಲ್ಲಿ ಪಕ್ಷಪಾತವಿದೆಯೆಂದು ಖಂಡಿಸಿದರು. ಇತ್ತ ಬ್ಲಾವಟ್ಸ್ಕಿಯವರ ಗ್ರಂಥದಿಂದ ಆಕರ್ಷಿತರಾಗಿ 1889ರಲ್ಲಿ ಆ ಸೊಸೈಟಿಯನ್ನು ಸೇರಿದವರು ಆನಿ ಬೆಸೆಂಟರು. ಅವರ ಪ್ರೇರಣೆಯಿಂದಲೇ 1917ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಹುಟ್ಟಿತು. ಮಹಾತ್ಮರ ಪತ್ರಗಳನ್ನು ನಂಬಿದ ಪರಂಪರೆಯು ನೆಟ್ಟ ಶಾಲೆಯಲ್ಲಿ ಓದಿದ ಬಾಲಕನೇ ಮುಂದೆ ಪವಾಡಪರೀಕ್ಷಕರ ಮುಂದಾಳಾದನು. ಬೆಸೆಂಟರ ಶಾಲೆಯು ಕಲಿಸಿದುದು ಥಿಯಸಾಫಿಯನ್ನಲ್ಲ, ದೇಶಾಭಿಮಾನವನ್ನೂ ಸ್ವತಂತ್ರಬುದ್ಧಿಯನ್ನೂ ಎಂದು ಇದರಿಂದ ಊಹಿಸಬಹುದು.

ಇನ್ನು ಸಮಿತಿಯ ವಿಷಯ. ನರಸಿಂಹಯ್ಯನವರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ ಇದು ರಚಿತವಾಯಿತು. ಅದೇ 1976ರಲ್ಲಿ ಅಮೆರಿಕಾದ ಬಫಲೋ ನಗರದಲ್ಲಿ ಪಾಲ್ ಕರ್ಟ್ಸ್ ಮೊದಲಾದವರು ಇಂತಹುದೇ ಒಂದು ಶೋಧಕ ಸಮಿತಿಯನ್ನು ಸ್ಥಾಪಿಸಿದರು. ಸಿಂಹಳದಲ್ಲಿ ನೆಲಸಿದ್ದ ಕೇರಳದ ಅಬ್ರಹಾಂ ಕೋವೂರರು ಅದಕ್ಕಿಂತ ಹಲವು ವರ್ಷಗಳ ಮುಂಚೆಯೇ, ವಂಚನೆಗೆ ಅವಕಾಶವಿಲ್ಲದಂತೆ ಪವಾಡವನ್ನು ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಕೊಡುವೆನೆಂದು ಪಣವೊಡ್ಡಿದ್ದರು. ಬೆಂಗಳೂರಿನ ಸಮಿತಿಯ ವಿಶೇಷವೇನೆಂದರೆ, ಅದು ಖಾಸಗಿಯವರ ಪಣವಲ್ಲ. ವಿದ್ಯಾಪೀಠವೇ ಹೊರಡಿಸಿದ ವಿಚಾರಣೆ. ವಿಶ್ವವಿದ್ಯಾನಿಲಯಕ್ಕೆ ಇದು ತಕ್ಕ ಕೆಲಸವಲ್ಲವೆಂದು ಆಕ್ಷೇಪಿಸಿದವರುಂಟು. ಪರೀಕ್ಷೆಯು ವಿದ್ಯಾಪೀಠದ ಕೆಲಸವಲ್ಲದಿದ್ದರೆ ಮತ್ತಾರ ಕೆಲಸವೋ ತಿಳಿಯದು. ಆದುದರಿಂದ ಈ ಆಕ್ಷೇಪದಲ್ಲಿ ಕಾಲಹರಣ ಮಾಡಬೇಕಾದುದಿಲ್ಲ.

ಆದರೆ ಸಮಿತಿಯ ಹೆಸರಿನಲ್ಲಿ ಒಂದು ದೋಷವನ್ನು ಎತ್ತಿಹೇಳಲೇಬೇಕು. ಇಂಗ್ಲಿಷಿನಲ್ಲಿದ್ದ ಆ ಹೆಸರನ್ನು ಕನ್ನಡಕ್ಕೆ ತಿರುಗಿಸಿದರೆ, ‘ಪವಾಡಗಳನ್ನೂ ಪರೀಕ್ಷಾಯೋಗ್ಯವಾದ ಇತರ ಮೂಢನಂಬಿಕೆಗಳನ್ನೂ ಶೋಧಿಸುವ ಸಮಿತಿ’ ಎಂದಾಗುತ್ತದೆ. ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಶಾಸ್ತ್ರದ ಪ್ರವೃತ್ತಿಯನ್ನು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರಾಗಿ ವಿಭಾಗಿಸುತ್ತಾನೆ. ವಸ್ತುವನ್ನು ಹೆಸರಿಸುವುದು ಉದ್ದೇಶ; ಅದನ್ನು ಇತರ ವಸ್ತುಗಳಿಂದ ಬೇರ್ಪಡಿಸುವ ಧರ್ಮವನ್ನು ಹೇಳುವುದು ಲಕ್ಷಣ; ಆ ಲಕ್ಷಣವು ಆ ವಸ್ತುವಿಗೆ ಹೊಂದುವುದೋ ಇಲ್ಲವೋ ಎಂದು ಪ್ರಮಾಣಗಳಿಂದ ನಿಶ್ಚಯಿಸುವುದು ಪರೀಕ್ಷೆ. ಸಂಶಯವು ಮುಂದು, ನಿರ್ಣಯವು ಹಿಂದು ಎಂಬುದು ಗೌತಮಸೂತ್ರದ ಕ್ರಮ. ಸಮಿತಿಯ ಹೆಸರಿನಲ್ಲಿರುವ ‘ಇತರ’ ಎಂಬ ಒಂದು ಮಾತು ಪವಾಡವನ್ನು ಪರೀಕ್ಷೆಗೆ ಮೊದಲೇ ಮೂಢನಂಬಿಕೆಯ ಗುಂಪಿಗೆ ಸೇರಿಸಿಬಿಟ್ಟಿದೆ. ಉದ್ದೇಶಸ್ಥಾನದಲ್ಲಿಯೇ ನಿರ್ಣಯವನ್ನು ಇಟ್ಟಂತಾಯಿತು. ಪ್ರತಿವಾದಿಯು ಇದನ್ನು ಹಿಡಿದುಕೊಂಡು, ನೀವು ತೀರ್ಪನ್ನು ಬರೆದುಕೊಂಡು ಸಾಕ್ಷಿಗಳನ್ನು ಕರೆಯುತ್ತಿರುವಿರೆಂದರೆ ಉತ್ತರಕೊಡುವುದು ಕಷ್ಟ. ಮತ್ತೊಂದು ಮಾತು, ‘ಪರೀಕ್ಷಾಯೋಗ್ಯವಾದ’ ಎಂಬುದು, ಮೆಚ್ಚತಕ್ಕುದು. ದೇವರುಂಟೋ ಇಲ್ಲವೋ, ಪುನರ್ಜನ್ಮವುಂಟೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಸಮಿತಿಯು ಕೈಹಾಕಲಿಲ್ಲ. ಕಣ್ಣಿಗೆ ಕಾಣುವ ಪದಾರ್ಥವು ಬರಿಗೈಯಿಂದ ಹುಟ್ಟುವುದೇ ಎಂಬಷ್ಟಕ್ಕೆ ತನ್ನ ಎಲ್ಲೆಯನ್ನು ಗೊತ್ತುಮಾಡಿಕೊಂಡಿತು.

ಈ ಎಲ್ಲೆಯು ಮುಖ್ಯವಾದುದು. ನರಸಿಂಹಯ್ಯನವರು 1976ರಲ್ಲಿ ಶ್ರೀ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದು, ಸಮಿತಿಯು ವಿಧಿಸುವ ನಿಯಮಗಳಿಗೆ ಒಳಪಟ್ಟು ಪವಾಡವನ್ನು ತೋರಿಸಬೇಕೆಂದು ಕೇಳಿದರು. ಪತ್ರಗಳಿಗೆ ಉತ್ತರ ಬರಲಿಲ್ಲ. ಉಂಗುರ, ವಿಭೂತಿಗಳಿಗೆ ಬದಲಾಗಿ ತೋಳಿನಲ್ಲಿ ಅಡಗಿಸಲಾಗದ ಕುಂಬಳಕಾಯಿಯನ್ನು ಸೃಷ್ಟಿಸಲಿ ಎಂದು ಅವರು ಕೇಳಿದರೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಪರಿಹಾಸದಂತೆ ತೋರಿದರೂ ಅದರೊಳಗೆ ಯುಕ್ತಿಯಿದೆ: ಅಡಗಿಸಿಡುವ ಸಂಭವವನ್ನು ತೆಗೆದುಹಾಕದೆ ಸೃಷ್ಟಿಯೆಂಬ ನಿರ್ಣಯಕ್ಕೆ ಬರಲಾಗದು. ವಿಜ್ಞಾನದ ವಿಚಾರವು ಇಂದ್ರಿಯಗಳಿಗೆ ಗೋಚರವಾದುದರಲ್ಲಿ ನಿಲ್ಲಬೇಕು, ಅಧ್ಯಾತ್ಮವು ಇಂದ್ರಿಯಗಳನ್ನು ಮೀರಿದುದು ಎಂಬುದು ಬಾಬಾ ಅವರು ಆ ವರ್ಷ ಹೇಳಿದ ಸಮಾಧಾನ. ಅಧ್ಯಾತ್ಮದ ವಿಷಯದಲ್ಲಿ ಅದು ನಿಜವೇ. ಆದರೆ ವಿಭೂತಿಯು ಮೂಗಿಗೆ ವಾಸನೆಯಾಗಿ, ಕೈಗೆ ಪುಡಿಯಾಗಿ, ಕಣ್ಣಿಗೆ ಬೂದುಬಣ್ಣವಾಗಿ ತೋರುವ ವಸ್ತು. ಅದು ಇಂದ್ರಿಯಗಳನ್ನು ಮೀರಿದುದೆಂದು ಹೇಳುವಂತಿಲ್ಲ. ಅಂತೂ ಪರೀಕ್ಷೆ ನಡೆಯಲಿಲ್ಲ. ನಡೆಯದ ಪರೀಕ್ಷೆಯಿಂದ ಯಾವ ಪಕ್ಷಕ್ಕೂ ನಿರ್ಣಯ ದೊರೆಯುವುದಿಲ್ಲ.

ನಡೆದ ಪರೀಕ್ಷೆ ಬೇರೊಂದು. ಪಾಂಡವಪುರದಲ್ಲಿ ಏಳು ವರ್ಷದ ಬಾಲಕನೊಬ್ಬನಿಂದ ವಿಭೂತಿಯು ಉದ್ಭವಿಸುವುದೆಂದು ಪ್ರಸಿದ್ಧಿಯಾಗಿ ಜನರು ಮುತ್ತುತ್ತಿದ್ದರು. 1976ರ ಜುಲೈ ತಿಂಗಳಲ್ಲಿ ಸಮಿತಿಯವರು ಮುನ್ಸೂಚನೆ ಕೊಡದೆ ಹೋಗಿ ನೋಡಲಾಗಿ, ವಿಭೂತಿಯು ಬಾಲಕನ ಉಡುಪಿನೊಳಗೆ ಅಡಗಿದ್ದುದು ಬಯಲಾಯಿತು. ಯೋಗಸೂತ್ರಗಳ ಮೂರನೆಯ ಪಾದಕ್ಕೆ ವಿಭೂತಿಪಾದವೆಂದೇ ಹೆಸರು. ಅಲ್ಲಿ ಪತಂಜಲಿಯು ಸಿದ್ಧಿಗಳನ್ನು ವರ್ಣಿಸಿ, ಅವು ಸಮಾಧಿಗೆ ವಿಘ್ನಗಳೆಂದು ಅಲ್ಲಿಯೇ ಎಚ್ಚರಿಸುತ್ತಾನೆ. ಆ ಪಾದದ ಹೆಸರೂ ಬಟ್ಟೆಯೊಳಗೆ ಸಿಕ್ಕ ಬೂದಿಯ ಹೆಸರೂ ಒಂದೇ ಆದುದು ಕಾಕತಾಳೀಯವಾದರೂ ನೋಡತಕ್ಕುದು. ಏಳು ವರ್ಷದ ಮಗುವು ಇಂತಹ ಉಪಾಯವನ್ನು ತಾನಾಗಿ ಕಲ್ಪಿಸಿ ನಡೆಸಿತೆಂದು ನಾನು ನಂಬಲಾರೆ. ಪರೀಕ್ಷೆಗೆ ಸಿಕ್ಕಿದವನು ಬಾಗಿಲು ಮುಚ್ಚಿಕೊಳ್ಳಲು ಶಕ್ತಿಯಿಲ್ಲದ ಮಗು; ಶಕ್ತಿಯುಳ್ಳವರ ಬಾಗಿಲು ತೆರೆಯಲೇ ಇಲ್ಲ. ಸಮಿತಿಯು ಬಾಲಕನ ವಿಷಯದಲ್ಲಿ ಕಂಡುಹಿಡಿದುದು ಸತ್ಯವೇ. ಆದರೆ ಆ ಸತ್ಯದ ಭಾರವು ಬಿದ್ದುದು ಬಾಲಕನ ತಲೆಯ ಮೇಲೆಯೇ ಹೊರತು ಅವನನ್ನು ಮುಂದೆ ನಿಲ್ಲಿಸಿದವರ ಮೇಲಲ್ಲ. ಸಮಿತಿಯನ್ನು ಹೊಗಳುವವರು ಈ ಪ್ರಸಂಗವನ್ನು ವಿಜಯವೆಂದು ಹೇಳುವಾಗ ಇಷ್ಟನ್ನು ನೆನೆಯುವುದಿಲ್ಲ.

ಪವಾಡವನ್ನು ಶಂಕಿಸುವುದು ನಮ್ಮವರಿಗೆ ಹೊಸದೆಂದು ತಿಳಿಯಬಾರದು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶೋಧಿಸಿ 1909ರಲ್ಲಿ ಮುದ್ರಿಸಿದವರು ನಮ್ಮ ಆರ್. ಶಾಮಾಶಾಸ್ತ್ರಿಗಳು. ಅದರಲ್ಲಿ ರಾಜನ ಬೊಕ್ಕಸವು ಬರಿದಾದಾಗ ಅದನ್ನು ತುಂಬುವ ಉಪಾಯಗಳನ್ನು ಹೇಳುತ್ತ, ಸುರಂಗಕ್ಕೆ ಸೇರಿದ ಬಾವಿಯಲ್ಲಿ ಹಲವು ಹೆಡೆಯ ನಾಗನನ್ನು ತೋರಿಸಿ ಕಾಣಿಕೆಯನ್ನು ಎತ್ತಬಹುದೆಂದೂ, ನಂಬದವರಿಗೆ ಆಚಮನದ ನೀರಿನಲ್ಲಿ ವಿಷವನ್ನು ಬೆರೆಸಿಕೊಟ್ಟು ದೇವತಾಶಾಪವೆಂದು ಸಾರಬೇಕೆಂದೂ ಬರೆದಿದೆ. ಪವಾಡದ ಒಳಗುಟ್ಟನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದಿಟ್ಟ ಗ್ರಂಥ ವಿರಳ. ಬರೆದುದು ಮಾತ್ರ ವಂಚಿಸುವವನ ಪರವಾಗಿ.

ಕನ್ನಡದಲ್ಲಿ ಈ ವಿಷಯಕ್ಕೆ ಹತ್ತಿರವಾದ ಕಾವ್ಯ ವೃತ್ತವಿಲಾಸನ ಧರ್ಮಪರೀಕ್ಷೆ. ಅಮಿತಗತಿಯು 1014ರಲ್ಲಿ ಬರೆದ ಸಂಸ್ಕೃತ ಗ್ರಂಥವನ್ನು ಅನುಸರಿಸಿ ಹದಿನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಚಂಪು ಇದು. ಮನೋವೇಗ, ಪವನವೇಗರೆಂಬ ಇಬ್ಬರು ವಿದ್ಯಾಧರ ಮಿತ್ರರು ನಾನಾವೇಷಗಳಿಂದ ಪಾಟಲೀಪುತ್ರಕ್ಕೆ ಹೋಗುತ್ತಾರೆ. ಮನೋವೇಗನು ನಂಬಲಾಗದ ಕಥೆಯೊಂದನ್ನು ಹೇಳಿ, ಸಭೆಯವರು ಇದು ಅಸಂಭವವೆಂದೊಡನೆ, ಹಾಗಾದರೆ ನಿಮ್ಮ ಪುರಾಣದ ಈ ಕಥೆಯು ಹೇಗೆ ಸಂಭವವೆಂದು ತಿರುಗಿಸಿ ಕೇಳುತ್ತಾನೆ. ವೇಷಮರೆಸಿಕೊಂಡು ಹೋಗಿ ಅಲೌಕಿಕವನ್ನು ಶೋಧಿಸುವ ಜೊತೆಗಾರರು, ಇಂದಿನ ಚಿತ್ರಕಥೆಗಳ ನಾಯಕರಿಗೆ ಪೂರ್ವಿಕರೆನ್ನಬಹುದು! ಆದರೆ ಪರಮತದ ಪುರಾಣಕ್ಕೆ ಹಿಡಿದ ಒರೆಗಲ್ಲನ್ನು ಕವಿಯು ಸ್ವಮತದ ಕಥೆಗಳಿಗೆ ಹಿಡಿಯುವುದಿಲ್ಲ. ಈ ಭಾಗದಲ್ಲಿ 1976ರ ಸಮಿತಿಯು ಮೇಲಾದುದು. ಇಂತಹ ಮತದವನೆಂದು ಯಾರನ್ನೂ ಆರಿಸಿಕೊಂಡು ಹೊರಟುದಲ್ಲ.

ಶೂನ್ಯಸಂಪಾದನೆಯ ಗೋರಕ್ಷಪ್ರಸಂಗವು ಇನ್ನೊಂದು ಬಗೆಯದು. ವಜ್ರಕಾಯನೆಂದು ಹೆಮ್ಮೆಪಟ್ಟ ಗೋರಕ್ಷನು ತನ್ನ ದೇಹವನ್ನು ಕತ್ತಿಯಿಂದ ಪರೀಕ್ಷಿಸೆಂದು ತಾನೇ ಕೇಳುತ್ತಾನೆ. ಅಲ್ಲಮನು ಹೊಡೆದಾಗ ಕತ್ತಿಯು ಖಣಿಲೆಂದು ಶಬ್ದಮಾಡುತ್ತದೆ. ಗೋರಕ್ಷನು ಹೊಡೆದಾಗ ಅಲ್ಲಮನ ದೇಹದಲ್ಲಿ ಅದು ಬಯಲಿನಲ್ಲಿ ಬೀಸಿದಂತೆ ಸುಳಿಯುತ್ತದೆ. ಐತಿಹಾಸಿಕ ಸಂಗತಿಯೆಂದು ಇದನ್ನು ಇಲ್ಲಿ ಹೇಳುತ್ತಿಲ್ಲ. ಸಿದ್ಧನೆನ್ನಿಸಿಕೊಂಡವನು ಪರೀಕ್ಷೆಯನ್ನು ತಾನಾಗಿ ಬೇಡಿದನೆಂದು ನಮ್ಮ ಕವಿಗಳು ಕಲ್ಪಿಸಿದರೆಂಬುದಷ್ಟೇ ಪ್ರಕೃತ. ಪರೀಕ್ಷೆಯು ಉಭಯರಿಗೂ ಸಮ್ಮತವಾಗಿ ನಡೆದರೆ ಅದು ವಾದ. ಒಬ್ಬನಿಗೆ ಸಮ್ಮತವಿಲ್ಲದಿದ್ದರೆ ಜಯಾಪಜಯಗಳ ಜಲ್ಪವಾಗಿ ಪರಿಣಮಿಸುತ್ತದೆ. 1976ರಲ್ಲಿ ಪತ್ರಿಕೆಗಳಲ್ಲಿ ನಡೆದುದು ಬಹುಮಟ್ಟಿಗೆ ಜಲ್ಪವೇ.

ನರಸಿಂಹಯ್ಯನವರು 1977ರಲ್ಲಿ ಉಪಕುಲಪತಿಸ್ಥಾನವನ್ನು ಬಿಟ್ಟರು. ಸಮಿತಿಯೂ ಅದೇ ವರ್ಷ ವಿಸರ್ಜನೆಯಾಯಿತು. ಅದೇ ವರ್ಷದ ಜನವರಿಯಲ್ಲಿ ಜಾರಿಗೆ ಬಂದ ಸಂವಿಧಾನದ ನಲವತ್ತೆರಡನೆಯ ತಿದ್ದುಪಡಿಯಲ್ಲಿ ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪೌರರ ಕರ್ತವ್ಯಗಳಲ್ಲೊಂದೆಂದು ಸೇರಿದ್ದಿತು. ಕರ್ತವ್ಯವು ಗ್ರಂಥಸ್ಥವಾದ ವರ್ಷದಲ್ಲಿಯೇ ಅದನ್ನು ಆಚರಿಸಹೊರಟ ಸಮಿತಿಯು ಇಲ್ಲವಾಯಿತು. ಬಹುಕಾಲದ ಮೇಲೆ, 2017ರಲ್ಲಿ, ಅಮಾನುಷ ಆಚರಣೆಗಳನ್ನೂ ವಾಮಾಚಾರವನ್ನೂ ನಿಷೇಧಿಸುವ ಶಾಸನವನ್ನು ಕರ್ನಾಟಕದ ಶಾಸನಸಭೆಯು ಅಂಗೀಕರಿಸಿತು. ಅದು 2020ರಲ್ಲಿ ಜಾರಿಗೆ ಬಂದಿತು. ಶಾಸನವು ದಂಡಿಸುತ್ತದೆ, ಪರೀಕ್ಷಿಸುವುದಿಲ್ಲ. ಎರಡೂ ಬೇರೆ ಬೇರೆ ಕೆಲಸಗಳು. ನರಸಿಂಹಯ್ಯನವರು 2005ನೆಯ ಇಸವಿ ಜನವರಿ 31ರಂದು ತೀರಿಕೊಳ್ಳುವವರೆಗೂ ಬಸವನಗುಡಿಯನ್ನೇ ನೆಲೆಯಾಗಿಟ್ಟುಕೊಂಡಿದ್ದರು. ಸಮಿತಿಯು ಮುಗಿದಮೇಲೆಯೂ ಸೈನ್ಸ್ ಫೋರಮ್ಮಿನ ಉಪನ್ಯಾಸಗಳು ನ್ಯಾಷನಲ್ ಕಾಲೇಜಿನ ಆವರಣದಲ್ಲಿ ನಡೆಯುತ್ತ ಬಂದುವು. ಬಾಗಿಲು ತೆರೆದಿರುತ್ತಿತ್ತು, ಬೇಕಾದವರು ಬಂದು ಕುಳಿತು ಪ್ರಶ್ನೆ ಕೇಳಬಹುದಾಗಿತ್ತು.