ಗಳಗನಾಥರ ಗಂಟು

ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದರ ಹಿಂದೊಂದು ಸಿಗುತ್ತವೆ. ನನ್ನ ಪಿಎಚ್‌.ಡಿ. ತಿರುಗಾಟವೆಲ್ಲ ಈ ಮೂರು ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲೇ. ವಿಷಯ, ಕಡಿಮೆ ಖರ್ಚಿನ ಡಿಜಿಟಲ್ ಪಾಠಗಳು. ಆದರೆ ಬರೆಯಲು ಕೂತಾಗ ಮೊದಲು ನೆನಪಾಗುವವರು ಕಂಪ್ಯೂಟರನ್ನೇ ಕಾಣದ ಗಳಗನಾಥರು.

ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಕನ್ನಡ ಶಾಲೆಯ ಮಾಸ್ತರರಾಗಿದ್ದರು. 1907ರಲ್ಲಿ ಹಾವೇರಿ ಹತ್ತಿರದ ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ ಹೊರಟಾಗ ಅದರ ಸಂಪಾದಕರಾದರು. ಮರಾಠಿಯ ಪ್ರಭಾವ ದಟ್ಟವಾಗಿದ್ದ ಮುಂಬಯಿ ಪ್ರಾಂತದ ಈ ಸೀಮೆಯಲ್ಲಿ ಕನ್ನಡ ಪುಸ್ತಕ ಹುಡುಕಿಕೊಂಡು ಬರುವ ಓದುಗರು ಕಡಿಮೆ. ಅದಕ್ಕೇ ಅವರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದರು. ಅಚ್ಚು ಹಾಕಿದರೆ ಸಾಲದು, ಮುಟ್ಟಿಸಬೇಕು ಎಂಬುದು ಅವರಿಗೆ ಗೊತ್ತಿತ್ತು.

ಆಮೇಲೆ ಮುಟ್ಟಿಸುವ ಕೆಲಸವನ್ನು ಯಂತ್ರಗಳಿಗೆ ವಹಿಸಿದೆವು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಬಂತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ದೊಡ್ಡ ಸಾಹಸವೇ. ಆದರೆ ಪಾಠ ಸ್ಟುಡಿಯೋದಲ್ಲಿ ತಯಾರಾಗಿ ಬರುತ್ತಿತ್ತು. ಹಳ್ಳಿಯ ಮಾಸ್ತರರು ಅದರ ಒಂದು ಮಾತನ್ನೂ ತಿದ್ದುವಂತಿರಲಿಲ್ಲ.

ಆ ಕೊರತೆ ನೀಗಿಸಲು ಹೊರಟದ್ದು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’. 2013ರಲ್ಲಿ ರಾಜ್ಯದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸೇರಿ ಆರಂಭಿಸಿದ ಈ ತಾಣ ನಿಂತಿರುವುದು ವಿಕಿಪೀಡಿಯ ಬಳಸುವ ಮೀಡಿಯಾವಿಕಿ ತಂತ್ರಾಂಶದ ಮೇಲೆ. ಶಿಕ್ಷಕರೇ ಬರೆಯಬಹುದು, ತಿದ್ದಬಹುದು, ನಕಲು ಮಾಡಿ ಹಂಚಬಹುದು. ಯಾರ ಅಪ್ಪಣೆಯೂ ಬೇಡ, ಶುಲ್ಕವೂ ಇಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದವು. ಬ್ಯಾಡಗಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ಬೆಳಿಗ್ಗೆ ಅದು ಅಪ್ಪನ ಜೇಬಿನಲ್ಲಿ ಮೆಣಸಿನಕಾಯಿ ಪೇಟೆಗೆ ಹೋಗುತ್ತಿತ್ತು. ಎಂಟನೇ ತರಗತಿಯ ತಂಗಿಯ ಪಾಠಗಳೂ ಬೆಳಿಗ್ಗೆಯೇ. ಲೆಕ್ಕಕ್ಕೆ ಪಾಠ ಉಚಿತ. ತಂಗಿಗೆ ಮಾತ್ರ ಸಿಗಲಿಲ್ಲ. ಜೂನ್ ಕಳೆಯುವಷ್ಟರಲ್ಲಿ ಅವಳು ಪುಸ್ತಕ ಬಿಟ್ಟು ಕಳೆ ತೆಗೆಯಲು ಹೊಲಕ್ಕೆ ಹೋಗತೊಡಗಿದ್ದಳು.

ಅವಳನ್ನು ವಾಪಸು ಕರೆತಂದವರು ಅವಳ ಗಣಿತದ ಮಾಸ್ತರರು. ಪಾಠಗಳನ್ನು ಇಳಿಸಿಕೊಂಡು, ಪ್ರಿಂಟ್ ತೆಗೆಸಿ, ಬೈಕಿಗೆ ಕಟ್ಟಿಕೊಂಡು ಬಂದು ಗುಡಿಕಟ್ಟೆಯ ಮೇಲೆ ಹೇಳಿಕೊಟ್ಟರು. ಒಂದು ಲೆಕ್ಕದಲ್ಲಿ ಸೇಬಿನ ಪೆಟ್ಟಿಗೆ ತೆಗೆದು ಮೆಣಸಿನಕಾಯಿ ಚೀಲ ಹಾಕಿದ್ದರು. ‘ಇದು ನಮ್ಮಪ್ಪನ ಲೆಕ್ಕ’ ಎಂದು ತಂಗಿ ನಕ್ಕಿದ್ದು ಇನ್ನೂ ನೆನಪಿದೆ.

ನನ್ನ ಪ್ರಬಂಧದ ಕೋಷ್ಟಕದಲ್ಲಿ ಸಾಧನ, ತಂತ್ರಾಂಶ, ಇಂಟರ್ನೆಟ್ಟಿನ ಖರ್ಚಿಗೆ ಕಾಲಂಗಳಿವೆ. ಆ ಮಾಸ್ತರರ ಪೆಟ್ರೋಲಿಗೂ ಹೊತ್ತಿಗೂ ಇರಲಿಲ್ಲ. ಮೊನ್ನೆ ಅದಕ್ಕೊಂದು ಕಾಲಂ ಗೆರೆ ಹಾಕಿದ್ದೇನೆ. ಅದು ತುಂಬುವವರೆಗೆ ‘ಅಗ್ಗ’ ಎಂಬ ಮಾತನ್ನು ನಾನು ಬರೆಯಲಾರೆ.