ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಪ್ರಾಥಮಿಕ ಮತದಾನ: ೧೯೧೨ರ ಪ್ರಸಂಗ

ಪ್ರಜಾಪ್ರಭುತ್ವದಲ್ಲಿ ಮತದಾರನಿಗಿರುವ ಅಧಿಕಾರವನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಕೊನೆಯ ಮತದಾನದ ದಿನವನ್ನೇ ಗಮನಿಸುತ್ತೇವೆ. ಆದರೆ ಎರಡೇ ಪಕ್ಷಗಳು ಪ್ರಬಲವಾಗಿರುವ ದೇಶದಲ್ಲಿ ಆ ದಿನ ಅವನಿಗೆ ಉಳಿದಿರುವುದು ಇಬ್ಬರಲ್ಲಿ ಒಬ್ಬನನ್ನು ಆರಿಸುವ ಸ್ವಾತಂತ್ರ್ಯವಷ್ಟೆ. ಆ ಇಬ್ಬರನ್ನು ಅವನ ಮುಂದೆ ತಂದು ನಿಲ್ಲಿಸಿದವರು ಯಾರು ಎಂಬ ಪ್ರಶ್ನೆ ಅದಕ್ಕಿಂತ ಹಿಂದಿನದು. ಅನೇಕ ವೇಳೆ ಅದಕ್ಕಿಂತ ಮಹತ್ತ್ವದ್ದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳು ದೊರೆತಿವೆ. ಅವುಗಳಲ್ಲಿ ಪ್ರಾಥಮಿಕ ಚುನಾವಣೆ ಎಂಬ ಉತ್ತರವು ಮೊಟ್ಟಮೊದಲು ತೀವ್ರ ಪರೀಕ್ಷೆಗೆ ಒಳಗಾದದ್ದು ೧೯೧೨ರಲ್ಲಿ. ಆ ಪ್ರಸಂಗವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೧

೧೭೮೭ರಲ್ಲಿ ರಚಿತವಾದ ಸಂವಿಧಾನದಲ್ಲಿ ರಾಜಕೀಯ ಪಕ್ಷದ ಹೆಸರೇ ಇಲ್ಲ. ಪ್ರತಿಯೊಂದು ರಾಜ್ಯವೂ ಚುನಾಯಕರನ್ನು ನೇಮಿಸಬೇಕು, ಅವರು ಅಧ್ಯಕ್ಷನನ್ನು ಆರಿಸಬೇಕು ಎಂಬುದು ಅದರ ವಿಧಿ. ವಾಷಿಂಗ್ಟನ್ನನು ಎರಡು ಸಲವೂ ಅವಿರೋಧವಾಗಿ ಆಯ್ಕೆಯಾದುದರಿಂದ ಅಭ್ಯರ್ಥಿಯನ್ನು ಗೊತ್ತುಮಾಡುವ ಸಮಸ್ಯೆ ಆರಂಭದಲ್ಲಿ ತಲೆದೋರಲಿಲ್ಲ. ಪಕ್ಷಗಳು ಹುಟ್ಟಿದ ಮೇಲೆ ಆ ಕೆಲಸವನ್ನು ಕಾಂಗ್ರೆಸ್ಸಿನಲ್ಲಿದ್ದ ಪಕ್ಷದ ಸದಸ್ಯರೇ ಗುಂಪುಸೇರಿ ನಡೆಸತೊಡಗಿದರು. ಇದಕ್ಕೆ ಕಾಕಸ್ ಎಂದು ಹೆಸರು. ೧೮೨೪ರಲ್ಲಿ ವಿಲಿಯಂ ಕ್ರಾಫರ್ಡನನ್ನು ಸೂಚಿಸಿದ ಕಾಕಸ್ಸಿಗೆ ಬಂದವರು ೬೬ ಮಂದಿ ಮಾತ್ರ. ಕ್ರಾಫರ್ಡನು ಚುನಾಯಕರ ಮತಗಳಲ್ಲಿ ಮೂರನೆಯ ಸ್ಥಾನಕ್ಕೆ ಇಳಿದನು. ಅತ್ಯಧಿಕವಾಗಿ ೯೯ ಮತಗಳನ್ನು ಪಡೆದ ಆಂಡ್ರೂ ಜಾಕ್ಸನ್ನನಿಗೂ ಬಹುಮತ ಬಾರದೆ, ಪ್ರತಿನಿಧಿಸಭೆಯು ಜಾನ್ ಕ್ವಿನ್ಸಿ ಆಡಮ್ಸನನ್ನು ಅಧ್ಯಕ್ಷನನ್ನಾಗಿ ಆರಿಸಿತು. ಜನರ ಆಯ್ಕೆಯನ್ನು ಕೆಲವರು ಕಸಿದುಕೊಂಡರೆಂಬ ಕೂಗು ಎದ್ದಿತು. ಕಾಕಸ್ ಪದ್ಧತಿ ಅಲ್ಲಿಗೆ ಮುಗಿಯಿತು.

ಅದರ ಸ್ಥಾನದಲ್ಲಿ ಬಂದದ್ದು ಪಕ್ಷದ ರಾಷ್ಟ್ರೀಯ ಸಮ್ಮೇಳನ. ೧೮೩೧ರಲ್ಲಿ ಬಾಲ್ಟಿಮೋರಿನಲ್ಲಿ ಮೇಸನ್‌ವಿರೋಧಿ ಪಕ್ಷವು ಇಂಥ ಮೊದಲ ಸಮ್ಮೇಳನವನ್ನು ನೆರೆಸಿತು. ಮರುವರ್ಷ ಡೆಮಾಕ್ರಾಟರು ಅದೇ ಊರಿನಲ್ಲಿ ಸೇರಿದರು. ರಾಜ್ಯ ರಾಜ್ಯಗಳಿಂದ ಬಂದ ಪ್ರತಿನಿಧಿಗಳು ಒಂದೆಡೆ ಕೂಡಿ, ಒಬ್ಬನಿಗೆ ಬೇಕಾದಷ್ಟು ಮತಗಳು ಬರುವ ತನಕ ಮತ್ತೆ ಮತ್ತೆ ಮತಹಾಕುವುದು ಇದರ ಕ್ರಮ. ವಿಶಾಲವಾದ ದೇಶದ ಭಿನ್ನ ಹಿತಗಳನ್ನು ಒಂದು ಹೆಸರಿನಡಿ ಹೊಂದಿಸಲು ಇದು ಸಮರ್ಥ ಸಾಧನವಾಗಿತ್ತು. ಆದರೆ ಪ್ರತಿನಿಧಿಗಳನ್ನು ಕಳುಹಿಸುವ ಅಧಿಕಾರ ಕ್ರಮೇಣ ಪ್ರಾಂತದ ಪಕ್ಷನಾಯಕರ ಕೈಸೇರಿತು. ಮುಚ್ಚಿದ ಬಾಗಿಲ ಹಿಂದೆ ನಡೆದ ಒಪ್ಪಂದಕ್ಕೆ ಸಮ್ಮೇಳನವು ಮುದ್ರೆಯೊತ್ತುವುದು ವಾಡಿಕೆಯಾಯಿತು.

೨

ಈ ನಾಯಕರ ಹಿಡಿತವನ್ನು ಸಡಿಲಿಸಬೇಕೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಧಾರಣಾವಾದಿಗಳು ಹೊರಟರು. ವಿಸ್ಕಾನ್ಸಿನ್ ರಾಜ್ಯದ ರಾಬರ್ಟ್ ಲಾ ಫಾಲೆಟ್ ಅವರಲ್ಲಿ ಅಗ್ರಗಣ್ಯ. ಸಮ್ಮೇಳನಕ್ಕೆ ಹೋಗುವ ಪ್ರತಿನಿಧಿಗಳನ್ನು ಮತದಾರರೇ ಚುನಾಯಿಸಬೇಕೆಂದು ಆ ರಾಜ್ಯ ೧೯೦೫ರಲ್ಲಿ ಶಾಸನಮಾಡಿತು. ಅಧ್ಯಕ್ಷಪದವಿಗೆ ತಮಗೆ ಇಷ್ಟನಾದ ಅಭ್ಯರ್ಥಿಯ ಹೆಸರಿಗೇ ಮತಹಾಕುವ ಅವಕಾಶವನ್ನು ಆರೆಗನ್ ೧೯೧೦ರಲ್ಲಿ ಕಲ್ಪಿಸಿತು. ಮತದಾರನು ಪ್ರಾಥಮಿಕ ಚುನಾವಣೆಯಲ್ಲಿ ನೇರವಾಗಿ ಅಧ್ಯಕ್ಷನನ್ನು ಆರಿಸುವುದಿಲ್ಲ, ಅಂತಿಮವಾಗಿ ಅಭ್ಯರ್ಥಿಯನ್ನೂ ಆರಿಸುವುದಿಲ್ಲ. ಅಭ್ಯರ್ಥಿಯನ್ನು ಆರಿಸುವ ಸಮ್ಮೇಳನದ ಸ್ವರೂಪವನ್ನು ನಿರ್ಧರಿಸುತ್ತಾನೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ೧೯೧೨ರ ವಿವಾದಕ್ಕೆಲ್ಲ ಈ ಅಂತರವೇ ಮೂಲ.

೩

ಥಿಯೊಡೋರ್ ರೂಸ್‌ವೆಲ್ಟನು ೧೯೦೧ರಿಂದ ೧೯೦೯ರವರೆಗೆ ಅಧ್ಯಕ್ಷನಾಗಿದ್ದು, ತನ್ನ ಆಪ್ತನಾದ ವಿಲಿಯಂ ಟಾಫ್ಟನನ್ನು ಉತ್ತರಾಧಿಕಾರಿಯನ್ನಾಗಿ ಮಾಡಿದ್ದನು. ಕೆಲವೇ ವರ್ಷಗಳಲ್ಲಿ ಅವರ ಸ್ನೇಹ ಮುರಿಯಿತು. ೧೯೧೨ರಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿತನಕ್ಕೆ ಇಬ್ಬರೂ ಎದುರುಬದುರಾದರು. ಆಗ ದೇಶದಲ್ಲಿದ್ದ ೪೮ ರಾಜ್ಯಗಳಲ್ಲಿ ಸುಮಾರು ಹನ್ನೆರಡರಲ್ಲಿ ಪ್ರಾಥಮಿಕ ಚುನಾವಣೆ ನಡೆಯಿತು. ರೂಸ್‌ವೆಲ್ಟನು ಒಂಬತ್ತರಲ್ಲಿ ಗೆದ್ದನು. ಟಾಫ್ಟನ ಸ್ವಂತ ರಾಜ್ಯವಾದ ಒಹಾಯೊ ಸಹ ಅವನ ಪಾಲಾಯಿತು. ಈ ರಾಜ್ಯಗಳಿಂದ ರೂಸ್‌ವೆಲ್ಟನಿಗೆ ೨೭೮, ಟಾಫ್ಟನಿಗೆ ೪೮, ಲಾ ಫಾಲೆಟನಿಗೆ ೩೬ ಪ್ರತಿನಿಧಿಗಳು ದೊರೆತರು. ಜನಾಭಿಪ್ರಾಯವನ್ನು ಕೇಳಿದ ಕಡೆಗಳಲ್ಲೆಲ್ಲ ಪದವಿಯಲ್ಲಿದ್ದ ಅಧ್ಯಕ್ಷನು ಹೆಚ್ಚುಕಡಿಮೆ ತಿರಸ್ಕೃತನಾದನೆಂದೇ ಹೇಳಬೇಕು.

ಆದರೆ ಸಮ್ಮೇಳನದ ಒಟ್ಟು ಪ್ರತಿನಿಧಿಗಳು ೧,೦೭೮. ಉಳಿದ ರಾಜ್ಯಗಳಲ್ಲಿ ಹಳೆಯ ಪದ್ಧತಿಯೇ ನಡೆದಿತ್ತು. ದಕ್ಷಿಣದ ರಾಜ್ಯಗಳಲ್ಲಂತೂ ರಿಪಬ್ಲಿಕನ್ ಪಕ್ಷಕ್ಕೆ ಚುನಾವಣೆಯಲ್ಲಿ ಗೆಲ್ಲುವ ಆಸೆಯೇ ಇರಲಿಲ್ಲ. ಅಲ್ಲಿಯ ಪ್ರತಿನಿಧಿಗಳಲ್ಲಿ ಅನೇಕರು ಕೇಂದ್ರ ಸರ್ಕಾರದ ಹುದ್ದೆಗಳನ್ನು ಅವಲಂಬಿಸಿ ಅಧ್ಯಕ್ಷನ ಋಣದಲ್ಲಿದ್ದವರು. ೨೫೪ ಸ್ಥಾನಗಳ ಬಗ್ಗೆ ತಕರಾರು ಹೂಡಲಾಯಿತು. ಟಾಫ್ಟನ ಬೆಂಬಲಿಗರ ವಶದಲ್ಲಿದ್ದ ಪಕ್ಷದ ರಾಷ್ಟ್ರೀಯ ಸಮಿತಿಯು ಅವುಗಳಲ್ಲಿ ೨೩೫ನ್ನು ಟಾಫ್ಟನಿಗೂ ೧೯ನ್ನು ರೂಸ್‌ವೆಲ್ಟನಿಗೂ ಕೊಟ್ಟಿತು. ಜೂನ್ ತಿಂಗಳಲ್ಲಿ ಷಿಕಾಗೊ ನಗರದಲ್ಲಿ ಸಮ್ಮೇಳನ ನೆರೆದಾಗ ಟಾಫ್ಟನು ೫೬೧ ಮತಗಳಿಂದ ಅಭ್ಯರ್ಥಿಯಾದನು. ರೂಸ್‌ವೆಲ್ಟನ ಕಡೆಯ ೩೪೪ ಪ್ರತಿನಿಧಿಗಳು ಸಭೆಯಲ್ಲಿದ್ದೂ ಮತಹಾಕದೆ ಸುಮ್ಮನೆ ಕುಳಿತರು.

ಇದು ಹಗಲುದರೋಡೆಯೆಂದು ರೂಸ್‌ವೆಲ್ಟನ ಪಕ್ಷದವರು ಸಾರಿದರು. ಇತಿಹಾಸದ ವಿದ್ಯಾರ್ಥಿಯು ಈ ಮಾತನ್ನು ಇದ್ದಂತೆ ಒಪ್ಪಲಾಗದು. ಅವರು ಹೂಡಿದ ತಕರಾರುಗಳಲ್ಲಿ ಹಲವು ಬರಿಯ ಪ್ರಚಾರಕ್ಕಾಗಿ ಹೂಡಿದವು, ಹುರುಳಿಲ್ಲದವು. ಪ್ರಾಥಮಿಕ ಚುನಾವಣೆಯ ತೀರ್ಪು ನಾಲ್ಕನೆಯ ಒಂದು ಭಾಗದಷ್ಟು ರಾಜ್ಯಗಳ ತೀರ್ಪೇ ಹೊರತು ಇಡೀ ದೇಶದ್ದಲ್ಲ. ಆದರೆ ಟಾಫ್ಟನಿಗೆ ಬಂದದ್ದು ಬಹುಮತಕ್ಕೆ ಬೇಕಾದ ೫೪೦ಕ್ಕಿಂತ ೨೧ ಮತಗಳು ಮಾತ್ರ ಹೆಚ್ಚು ಎಂಬುದನ್ನೂ ಮರೆಯುವಂತಿಲ್ಲ. ನ್ಯಾಯವಾದ ಕೆಲವೇ ತಕರಾರುಗಳು ಎತ್ತಿಹಿಡಿಯಲ್ಪಟ್ಟಿದ್ದರೂ ಮೊದಲ ಸುತ್ತಿನಲ್ಲಿ ಅವನ ಗೆಲುವು ಸಂಶಯಕ್ಕೆ ಈಡಾಗುತ್ತಿತ್ತು. ನಿಯಮಕ್ಕೆ ಸರಿಯಾದ ನಿರ್ಣಯವೊಂದು ಜನರ ಒಪ್ಪಿಗೆಯನ್ನು ಕಳೆದುಕೊಳ್ಳುವುದು ಸಾಧ್ಯವೆಂಬುದಕ್ಕೆ ಷಿಕಾಗೊ ನಿದರ್ಶನವಾಯಿತು.

ಆಗಸ್ಟ್ ತಿಂಗಳಲ್ಲಿ ರೂಸ್‌ವೆಲ್ಟನು ಪ್ರಗತಿಪರ ಪಕ್ಷದ ಅಭ್ಯರ್ಥಿಯಾಗಿ ನಿಂತನು. ಡೆಮಾಕ್ರಾಟರು ಬಾಲ್ಟಿಮೋರಿನಲ್ಲಿ ೪೬ನೆಯ ಸುತ್ತಿನಲ್ಲಿ ವುಡ್ರೊ ವಿಲ್ಸನ್ನನನ್ನು ಆರಿಸಿದ್ದರು. ನವೆಂಬರಿನಲ್ಲಿ ವಿಲ್ಸನ್ನನಿಗೆ ಜನರ ಮತಗಳಲ್ಲಿ ಶೇಕಡ ೪೨ರಷ್ಟು ಬಂದರೆ ರೂಸ್‌ವೆಲ್ಟನಿಗೆ ಶೇಕಡ ೨೭, ಟಾಫ್ಟನಿಗೆ ಶೇಕಡ ೨೩ ಬಂದವು. ಚುನಾಯಕರ ಮತಗಳಾದರೋ ಕ್ರಮವಾಗಿ ೪೩೫, ೮೮ ಮತ್ತು ೮! ಒಂದು ರಾಜ್ಯದಲ್ಲಿ ಮುಂದಾದವನಿಗೆ ಆ ರಾಜ್ಯದ ಚುನಾಯಕರೆಲ್ಲ ಸಲ್ಲುವ ಪದ್ಧತಿಯಲ್ಲಿ, ಒಡೆದ ಪಕ್ಷಕ್ಕೆ ಒದಗುವ ಶಿಕ್ಷೆ ಇದು. ಅಮೆರಿಕದಲ್ಲಿ ಮೂರನೆಯ ಪಕ್ಷ ಬೇರೂರದಿರುವುದಕ್ಕೂ, ಅಭ್ಯರ್ಥಿತನದ ಹೋರಾಟ ಪಕ್ಷದ ಒಳಗೇ ನಡೆಯಬೇಕಾಗಿರುವುದಕ್ಕೂ ಇದೇ ಮುಖ್ಯ ಕಾರಣ.

೪

ಒಂದನೆಯ ಮಹಾಯುದ್ಧದ ತರುವಾಯ ಪ್ರಾಥಮಿಕ ಚುನಾವಣೆಯ ಉತ್ಸಾಹ ಇಳಿಯಿತು. ೧೯೫೨ರಲ್ಲಿ ಸೆನೆಟರ್ ಕೀಫಾವರ್ ಬಹುತೇಕ ಪ್ರಾಥಮಿಕ ಚುನಾವಣೆಗಳಲ್ಲಿ ಗೆದ್ದರೂ ಡೆಮಾಕ್ರಾಟರ ಸಮ್ಮೇಳನ ಆರಿಸಿದ್ದು ಸ್ಟೀವನ್‌ಸನ್ನನನ್ನು. ೧೯೬೦ರಲ್ಲಿ ಕೆನಡಿಯು ಪಶ್ಚಿಮ ವರ್ಜೀನಿಯದ ವಿಜಯದಿಂದ, ಕ್ಯಾಥೊಲಿಕನೊಬ್ಬನು ಪ್ರಾಟೆಸ್ಟಂಟರ ಮತಗಳನ್ನು ಗಳಿಸಬಲ್ಲನೆಂದು ಪಕ್ಷದ ನಾಯಕರಿಗೆ ಮನಗಾಣಿಸಿದನು. ಆದರೂ ನಿರ್ಣಯ ಆ ನಾಯಕರದೇ ಆಗಿತ್ತು. ೧೯೬೮ರಲ್ಲಿ ಹಂಫ್ರಿಯು ಒಂದು ಪ್ರಾಥಮಿಕ ಚುನಾವಣೆಗೂ ಸ್ಪರ್ಧಿಸದೆ ಅಭ್ಯರ್ಥಿಯಾದನು. ವಿಯೆಟ್ನಾಂ ಯುದ್ಧದ ವಿರೋಧಿಗಳ ಆಕ್ರೋಶದ ನಡುವೆ ನಡೆದ ಆ ಸಮ್ಮೇಳನವೂ ಷಿಕಾಗೊದಲ್ಲೇ ನೆರೆದಿತ್ತು. ಅದರ ಫಲವಾಗಿ ರಚಿತವಾದ ಮೆಕ್‌ಗವರ್ನ್-ಫ್ರೇಸರ್ ಆಯೋಗದ ಸೂಚನೆಗಳು ೧೯೭೨ರಿಂದ ಆಚರಣೆಗೆ ಬಂದು, ಹೆಚ್ಚುಹೆಚ್ಚು ರಾಜ್ಯಗಳು ಪ್ರಾಥಮಿಕ ಚುನಾವಣೆಯನ್ನು ಸ್ವೀಕರಿಸಿದವು. ಅಂದಿನಿಂದ ಸಮ್ಮೇಳನವು ಬಹುಮಟ್ಟಿಗೆ ಮೊದಲೇ ಗೊತ್ತಾದ ಹೆಸರನ್ನು ಘೋಷಿಸುವ ಸಭೆಯಾಗಿದೆ.

ಹೀಗೆಂದು ಹಳೆಯ ಅಂತರ ಅಳಿದುಹೋಗಿಲ್ಲ. ೨೦೨೪ರಲ್ಲಿ ಅಧ್ಯಕ್ಷ ಬೈಡನ್ ಅವರು ಪ್ರಾಥಮಿಕ ಚುನಾವಣೆಗಳಲ್ಲಿ ಗೆದ್ದ ಮೇಲೆ ಜುಲೈ ತಿಂಗಳಲ್ಲಿ ಸ್ಪರ್ಧೆಯಿಂದ ಹಿಂದೆ ಸರಿದಾಗ, ಕಮಲಾ ಹ್ಯಾರಿಸ್ ಅವರನ್ನು ಅಭ್ಯರ್ಥಿಯನ್ನಾಗಿ ಆರಿಸಿದವರು ಪಕ್ಷದ ಪ್ರತಿನಿಧಿಗಳೇ.

೧೮೨೪ರಲ್ಲಿ ಕಾಕಸ್ಸನ್ನೂ ೧೯೬೮ರಲ್ಲಿ ಸಮ್ಮೇಳನದ ನಾಯಕರನ್ನೂ ಕೆಡಹಿದ್ದು ಒಂದೇ ಆಕ್ಷೇಪಣೆ: ಕೆಲವರು ಅನೇಕರ ಪರವಾಗಿ ನಿರ್ಣಯಿಸುತ್ತಾರೆಂಬುದು. ಪ್ರಾಥಮಿಕ ಚುನಾವಣೆ ಈ ಆಕ್ಷೇಪಣೆಗೆ ಪೂರ್ಣ ಪರಿಹಾರವೆಂದು ಹೇಳಲಾಗದು. ಅದರಲ್ಲಿ ಮತಹಾಕುವವರು ನವೆಂಬರಿನ ಮತದಾರರಿಗಿಂತ ಬಹಳ ಕಡಿಮೆ. ಮೊದಲು ಮತಹಾಕುವ ರಾಜ್ಯಗಳಿಗೆ ತಮ್ಮ ಜನಸಂಖ್ಯೆಗೆ ಮೀರಿದ ಪ್ರಭಾವವುಂಟು. ದೀರ್ಘ ಪ್ರಚಾರಕ್ಕೆ ಅಪಾರ ಹಣ ಬೇಕು. ಆದರೂ ಪಕ್ಷದ ಸಾಮಾನ್ಯ ಸದಸ್ಯನ ಇಚ್ಛೆ ಇಂದು ಬಹಿರಂಗವಾಗಿ ಎಣಿಕೆಗೆ ಸಿಕ್ಕುತ್ತದೆ. ಅದನ್ನು ತಳ್ಳಿಹಾಕುವವರು ಎಲ್ಲರೆದುರು ಉತ್ತರ ಹೇಳಬೇಕಾಗುತ್ತದೆ. ೧೯೧೨ರಲ್ಲಿ ಆ ೨೭೮ ಪ್ರತಿನಿಧಿಗಳು ಸೋತರು. ಆದರೆ ಅವರನ್ನು ಎಣಿಸಿದ ಬಳಿಕ, ಅಭ್ಯರ್ಥಿಯ ಆಯ್ಕೆ ಪಕ್ಷದ ಮನೆವಾರ್ತೆ ಮಾತ್ರ ಎಂದು ವಾದಿಸುವುದು ಕಷ್ಟವಾಯಿತು.